ಹೊಳೆಯಾಚೆಯ ಗಂಟುಮೂಟೆ

ತಂಗಿಯ ಮಗ ಬೆಂಗಳೂರಿನಿಂದ ಒಂದು ಪಟ್ಟಿ ಕಳಿಸಿದ್ದಾನೆ. ಅವನ ಅಪಾರ್ಟ್‌ಮೆಂಟಿನ ಏಳೆಂಟು ಕುಟುಂಬದವರು ಸೇರಿ ಮಕ್ಕಳನ್ನು ಕರೆದುಕೊಂಡು ಜನವರಿ ಕೊನೆಯ ರಜೆಯಲ್ಲಿ ನಮ್ಮ ಶರಾವತಿ ಹಿನ್ನೀರಿನ ದಡಕ್ಕೆ ಬರುತ್ತಾರಂತೆ, ಟೆಂಟು ಹಾಕಿಕೊಂಡು ಎರಡು ರಾತ್ರಿ ಇರುತ್ತಾರಂತೆ. ಮಕ್ಕಳಲ್ಲಿ ಎಲ್ಲಕ್ಕಿಂತ ಚಿಕ್ಕದಕ್ಕೆ ನಾಲ್ಕು ವರ್ಷ, ದೊಡ್ಡದಕ್ಕೆ ಒಂಬತ್ತು. "ದೊಡ್ಡಮ್ಮ, ನೀವು ಅಲ್ಲಿಯವರು. ಏನಾದರೂ ಬಿಟ್ಟುಹೋಗಿದೆಯಾ ನೋಡಿ ಹೇಳಿ" ಎಂದು ಕೊನೆಗೆ ಬರೆದಿದ್ದ. ಅಚ್ಚುಕಟ್ಟಾದ ಪಟ್ಟಿ. ಸ್ಲೀಪಿಂಗ್ ಬ್ಯಾಗ್, ತಲೆಗೆ ಕಟ್ಟುವ ಟಾರ್ಚು, ಪವರ್ ಬ್ಯಾಂಕ್, ಗ್ಯಾಸ್ ಒಲೆ, ಮಡಚುವ ಕುರ್ಚಿ, ಸೊಳ್ಳೆಗೆ ಹಚ್ಚುವ ಕ್ರೀಮು, ಪ್ರತಿಯೊಂದರ ಎದುರಿಗೂ ಅದನ್ನು ತರುವವರ ಫ್ಲ್ಯಾಟ್ ನಂಬರು. ಎರಡು ಸಲ ಓದಿದೆ. ದೊಡ್ಡವರು ಏನೇನು ತರಬೇಕೆಂದು ಎಲ್ಲ ಇತ್ತು. ಮಕ್ಕಳು ಏನು ಮಾಡಬೇಕು ಎನ್ನುವುದು ಒಂದು ಸಾಲೂ ಇರಲಿಲ್ಲ. ಆ ಖಾಲಿ ಜಾಗ ನೋಡುತ್ತಿದ್ದ ಹಾಗೆ ನನಗೆ ದೊಡ್ಡ ಅಕ್ಕೋರು ನೆನಪಾದರು.

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಮೊದಲಲ್ಲಿ, ಹೊಳೆಯಾಚೆಯ ಒಂದು ಸರ್ಕಾರಿ ಶಾಲೆಗೆ. ಹೊಳೆಯಾಚೆ ಎಂದರೆ ಸಾಗರದ ಕಡೆಯವರಿಗೆ ಬೇರೆ ವಿಳಾಸ ಬೇಡ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ಹರಡಿಕೊಂಡಾಗ ಎಷ್ಟೋ ಊರುಗಳು ಮುಳುಗಿದವು. ಮುಳುಗದೆ ಆಚೆ ದಡದಲ್ಲಿ ಉಳಿದ ಊರುಗಳಿಗೆ ತಾಲ್ಲೂಕು ಕೇಂದ್ರವೇ ದೂರವಾಯಿತು. ಸಾಗರದಿಂದ ಬಸ್ಸಿನಲ್ಲಿ ಬಂದು ಲಾಂಚಿಗೆ ಕಾದು, ದಾಟಿ, ಮತ್ತೆ ನಡೆಯಬೇಕಿತ್ತು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ಶಾಲೆಯಲ್ಲಿ ಇಬ್ಬರು ಹೆಂಗಸರು ಪಾಠ ಮಾಡುತ್ತಿದ್ದೆವು. ಮುಖ್ಯೋಪಾಧ್ಯಾಯಿನಿ ದೊಡ್ಡ ಅಕ್ಕೋರು, ನಾನು ಸಣ್ಣ ಅಕ್ಕೋರು. ಊರಿನಲ್ಲಿ ಯಾರೂ ನಮ್ಮ ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ದೊಡ್ಡ ಅಕ್ಕೋರು ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಪಡೆದಿದ್ದರು. ಐದರಿಂದ ಹತ್ತು ವರ್ಷದೊಳಗಿನ ಹುಡುಗಿಯರ ತಂಡಕ್ಕೆ ಆ ಸಂಸ್ಥೆಯಲ್ಲಿ ಬುಲ್‌ಬುಲ್ ಎನ್ನುತ್ತಾರೆ, ಅದೇ ವಯಸ್ಸಿನ ಹುಡುಗರಿಗೆ ಕಬ್. ನಮ್ಮ ಶಾಲೆಯಲ್ಲಿ ಬುಲ್‌ಬುಲ್ ತಂಡ ಇತ್ತು. ಒಂದು ವರ್ಷ ಆ ಪುಟ್ಟ ಹುಡುಗಿಯರನ್ನು ಊರ ಹೊರಗೆ ಹಿನ್ನೀರಿನ ಹತ್ತಿರ ಶಿಬಿರಕ್ಕೆ ಕರೆದೊಯ್ಯಬೇಕೆಂದು ಅವರು ತೀರ್ಮಾನಿಸಿದರು. ಶಿಬಿರದ ದಿನಗಳು ಈಗ ನನ್ನ ನೆನಪಿನಲ್ಲಿ ಮಸುಕು. ಹಾಡಿದೆವು, ಬೆಂಕಿ ಹಾಕಿ ಸುತ್ತ ಕೂತೆವು, ಗಂಜಿ ಉಂಡೆವು. ಅದಕ್ಕಿಂತ ಮುಂಚಿನ ತಯಾರಿಯ ವಾರಗಳು ಮಾತ್ರ ದಿನದಿನವೂ ಕಣ್ಣ ಮುಂದಿವೆ.

ಮೊದಲ ಜಗಳ ತಿಂಗಳಿನದು. ಮೇಲಿನ ಕಚೇರಿಯವರು ಜನವರಿಯಲ್ಲಿ ಮಾಡಿ ಎಂದಿದ್ದರು. ಮಳೆಯಿಲ್ಲ, ಕೊಯ್ಲು ಮುಗಿದಿರುತ್ತದೆ, ಚಳಿ ಹಿತ. ಕಾಗದದ ಮೇಲೆ ಅದೇ ಸರಿಯಾದ ಕಾಲ. ದೊಡ್ಡ ಅಕ್ಕೋರು ಸುತರಾಂ ಒಪ್ಪಲಿಲ್ಲ. ಕಾರಣ ಮಂಗನ ಕಾಯಿಲೆ. ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ರೋಗಕ್ಕೆ ಇರುವುದು ಆ ಕಾಡಿನ ಹೆಸರೇ. ಅದನ್ನು ಹರಡುವುದು ಉಣುಗು. ಮಳೆಗಾಲ ಕಳೆದ ಮೇಲೆ ಅದರ ಮರಿಗಳು ತರಗೆಲೆಯ ನಡುವೆ ಬೆಳೆದು, ಸಾಸಿವೆ ಕಾಳಿನಷ್ಟೂ ಇಲ್ಲದ ಹೊತ್ತಿನಲ್ಲೇ ಮನುಷ್ಯರ ಮೈ ಹತ್ತುತ್ತವೆ. ಡಿಸೆಂಬರಿನಿಂದ ಬೇಸಿಗೆಯವರೆಗೆ ಅವುಗಳ ಕಾಟ ಜೋರು. ಕಾಡಿನಲ್ಲಿ ಒಂದು ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳೆಲ್ಲ ಆ ಜಾಗದಲ್ಲೇ ಉದುರಿರುತ್ತವೆ. 1982-83ರಲ್ಲಿ ಬೆಳ್ತಂಗಡಿ ಕಡೆ ಕಾಯಿಲೆ ದೊಡ್ಡದಾಗಿ ಹಬ್ಬಿದ ಸುದ್ದಿ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇತ್ತು. ಎಲ್ಲೆಂದರಲ್ಲಿ ಕೂರುವ, ಎಲೆ ರಾಶಿಯಲ್ಲಿ ಉರುಳಾಡುವ ಆರು ವರ್ಷದ ಮಗುವನ್ನು ಆ ತಿಂಗಳಲ್ಲಿ ನೆಲದ ಮೇಲೆ ಮಲಗಿಸುವುದಕ್ಕೆ ಅವರು ತಯಾರಿರಲಿಲ್ಲ. ದಸರಾ ರಜೆಯಲ್ಲಿ ಮಾಡುತ್ತೇನೆ, ಇಲ್ಲದಿದ್ದರೆ ಮಾಡುವುದೇ ಇಲ್ಲ ಎಂದು ಪತ್ರ ಬರೆದರು.

ದಸರಾ ಎಂದರೆ ಹಸ್ತ, ಚಿತ್ತಾ ಮಳೆಗಳ ನಡುವಿನ ಕಾಲ. ಸಂಜೆ ಗುಡುಗಿ ಒಂದು ಮಳೆ ಹೊಯ್ದೀತು. ಇಂಬಳ ಇನ್ನೂ ಸಾಯದೆ ಹುಲ್ಲಿನ ತುದಿಯಲ್ಲಿ ಕಾದಿರುತ್ತದೆ. ಆದರೆ ಇಂಬಳ ರಕ್ತ ಕುಡಿದು ಬಿಟ್ಟುಹೋಗುತ್ತದೆ, ಕಾಯಿಲೆ ಕೊಟ್ಟು ಹೋಗುವುದಿಲ್ಲ. ಅದಕ್ಕೆ ಸುಣ್ಣ ಹೊಗೆಸೊಪ್ಪು ಇದ್ದರೆ ಸಾಕು ಎಂದು ಅವರ ಲೆಕ್ಕ. ತಂಗಿಯ ಮಗನಿಗೆ ನಾನು ಮೊದಲು ಬರೆದದ್ದೂ ಈ ತಿಂಗಳಿನ ಮಾತನ್ನೇ. 2018-19ರ ಚಳಿಗಾಲದಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಗೆ ಜನ ಸತ್ತದ್ದನ್ನು ನಾವು ಮರೆತಿಲ್ಲ. ಜನವರಿ ಬಿಟ್ಟು ದಸರಾಕ್ಕೆ ಬನ್ನಿ. ಜನವರಿಯಲ್ಲೇ ಬರುತ್ತೀರಾದರೆ ತರಗು ಬಿದ್ದ ಮರದ ಬುಡ ಬಿಟ್ಟು ಬಯಲಲ್ಲಿ ಟೆಂಟು ಹಾಕಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕಾಲಿಗೆ ಕೈಗೆ ಹಚ್ಚಿ. ಸಂಜೆ ಪ್ರತಿ ಮಗುವಿನ ಕಂಕುಳು, ಕಿವಿಯ ಹಿಂದೆ, ಸೊಂಟದ ಪಟ್ಟಿ ನೋಡಿ. ಬಿಸಿನೀರಲ್ಲಿ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ. ನಮ್ಮ ಕಾಲದಲ್ಲಿ ಡಿಎಂಪಿ ಎಣ್ಣೆ ಎಂದು ಇನ್ನೊಂದು ಕೊಡುತ್ತಿದ್ದರು. ಅದರ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡು ಓಡುತ್ತಿದ್ದವು.

ಗುಡಾರಗಳು ಸಾಗರದಿಂದ ಬಂದವು. ಯಾವುದೋ ಕಚೇರಿಯ ಉಗ್ರಾಣದಿಂದ, ಎರಡು ಮೂರು ಅರ್ಜಿ ಹಾಕಿದ ಮೇಲೆ. ಲಾಂಚಿನಲ್ಲಿ ಗೊಬ್ಬರದ ಚೀಲಗಳ ಜತೆ ದಾಟಿ ಬಂದ ಆ ದಪ್ಪ ಕ್ಯಾನ್ವಾಸನ್ನು ಶಾಲೆಯ ಅಂಗಳದಲ್ಲಿ ಬಿಡಿಸಿದಾಗ ಮಡಿಕೆ ಮಡಿಕೆಗೂ ಇಲಿ ಕಡಿದ ತೂತು, ಬೂಸಲು ಹಿಡಿದ ಕಪ್ಪು. ಹೀಗೇ ಕಳಿಸಿದ್ದಾರಲ್ಲ ಎಂದು ನನಗೆ ಅಳುವೇ ಬಂತು. ದೊಡ್ಡ ಅಕ್ಕೋರು ಮಾತಾಡದೆ ಮನೆಗೆ ಹೋಗಿ ದಬ್ಬಣ, ಗೋಣಿ ದಾರ ತಂದರು. ಮಧ್ಯಾಹ್ನದ ಹೊತ್ತಿಗೆ ಊರಿನ ನಾಲ್ಕಾರು ಹೆಂಗಸರು ಬಂದು ಕೂತಿದ್ದರು. ಅಡಕೆ ಚೀಲ ಹೊಲಿದು ಪಳಗಿದ ಕೈಗಳು ಅವು. ಹೊಲಿಯುತ್ತ ಹೊಲಿಯುತ್ತಲೇ ಅವರು ತಮ್ಮ ಹೆಣ್ಣುಮಕ್ಕಳು ಎಲ್ಲಿ ಮಲಗುತ್ತವೆ, ಯಾರ ಪಕ್ಕ ಮಲಗುತ್ತವೆ, ರಾತ್ರಿ ಎದ್ದರೆ ಯಾರು ಕರೆದೊಯ್ಯುತ್ತಾರೆ ಎಂದು ಒಂದೊಂದೇ ಕೇಳಿ ತಿಳಿದುಕೊಂಡರು. ಪಾಲಕರ ಸಭೆ ಕರೆದಿದ್ದರೆ ಅವರಲ್ಲಿ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ.

ಹೊಲಿಯಲು ಬಾರದ ಒಬ್ಬ ಅಜ್ಜಿ ಮಾತ್ರ ದೂರದಲ್ಲಿ ನಿಂತು ನೋಡುತ್ತಿದ್ದಳು. ಅವಳ ಮೊಮ್ಮಗಳೂ ತಂಡದಲ್ಲಿದ್ದಳು. ಕೊನೆಗೆ ಹತ್ತಿರ ಬಂದು, "ನೀರು ಬಂದ ವರ್ಷ ನಾವು ಮಕ್ಳು ಮರಿ ಕಟ್ಕಂಡು ಸೋಗೆ ಕೆಳಗೆ ಮಳೆಗಾಲ ಕಳ್ದವ್ರು. ಈಗ ಮನೆ ಇಟ್ಕಂಡು ಮಗೀನ ಗುಡಾರದಲ್ಲಿ ಮಲಗ್ಸೋದು ಎಂಥಕ್ಕೆ ಅಕ್ಕೋರೇ?" ಎಂದು ಕೇಳಿದಳು. ಹೊಲಿಯುತ್ತಿದ್ದ ಕೈಗಳೆಲ್ಲ ನಿಂತವು.

ಅಲ್ಲಿದ್ದ ಅರ್ಧಕ್ಕರ್ಧ ಮನೆಗಳು ಮುಳುಗಡೆಯವು. ಮನೆಯ ತೊಲೆ, ಬಾಗಿಲು, ಹಂಚು ಬಿಚ್ಚಿ ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿದವರು. ಕೆಲವರು ಹೊಸನಗರ, ಶಿವಮೊಗ್ಗ, ಭದ್ರಾವತಿ ಕಡೆಗೆ ಚದುರಿದರು. ಇನ್ನು ಕೆಲವರು ಅಲ್ಲೇ ಮೇಲಕ್ಕೆ ಸರಿದು ಹಕ್ಕುಪತ್ರಕ್ಕಾಗಿ ಕಾದು ಕೂತರು. ಆ ಕಾಯುವಿಕೆ ಎಷ್ಟೋ ಮನೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ನಾಡಿಗೆಲ್ಲ ಕರೆಂಟು ಹರಿದ ಮೇಲೂ ಅವರ ಮನೆಗಳಲ್ಲಿ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು. ಬಯಲಲ್ಲಿ ಮಲಗುವುದು ಸಂತೋಷ ಎಂದು ಆ ಅಜ್ಜಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ, ಇವತ್ತಿಗೂ ಬರುವುದಿಲ್ಲ. ಶಿಬಿರ, ಪ್ರಕೃತಿಯ ಮಡಿಲು ಎಂದೆಲ್ಲ ಬರೆಯುವವರು ಆ ದಡದಲ್ಲಿ ನಿಂತು ಒಮ್ಮೆ ಈ ಪ್ರಶ್ನೆ ಕೇಳಿಸಿಕೊಳ್ಳಬೇಕು.

ದೊಡ್ಡ ಅಕ್ಕೋರು ಉತ್ತರ ಕೊಡಲಿಲ್ಲ. "ಜಾಗ ನೋಡೋಕೆ ನಾಳೆ ನೀನೂ ಬಾ" ಎಂದರು. ಮರುದಿನ ಅಜ್ಜಿ ಬಂದಳು. ನಾವು ಗೊತ್ತುಮಾಡಿದ್ದ ಜಾಗದಲ್ಲಿ ನಿಂತು ನೀರಿನ ಕಡೆ ಕೈ ತೋರಿಸಿ, ಇಲ್ಲಿ ಕೆಳಗೆ ಇಂಥವರ ತೋಟ, ಅಲ್ಲಿ ಬಾವಿ, ಆ ಒಣಗಿದ ಮರದ ತುದಿ ಕಾಣುತ್ತದಲ್ಲ ಅದು ನಮ್ಮ ಮನೆಯ ಹಿತ್ತಲ ಹಲಸು ಎಂದು ಹೇಳುತ್ತ ಹೋದಳು. ಆ ಮರದ ತುದಿ ಬಿಟ್ಟರೆ ನಮಗೆ ಕಾಣುತ್ತಿದ್ದದ್ದು ಬರೀ ನೀರು. ಮಕ್ಕಳು ಕಾಲು ತೊಳೆಯಲು ಇಳಿಯುವ ಜಾಗ ಬಾವಿಯ ಪಕ್ಕಕ್ಕೇ ಇತ್ತು. ಅಜ್ಜಿ ನಮ್ಮನ್ನು ಇನ್ನೂ ದೂರ ನಡೆಸಿಕೊಂಡು ಹೋಗಿ, ಕೆಳಗೆ ಹಳೇ ಗದ್ದೆ ಬಯಲಿದ್ದ, ನೀರೊಳಗೂ ನೆಲ ಸಮನಾಗಿದ್ದ ಕಡೆ ನಿಲ್ಲಿಸಿದಳು. ಗುಡಾರದ ಜಾಗವನ್ನೂ ಅವಳೇ ಬದಲಿಸಿದಳು. ನಾವು ಆರಿಸಿದ್ದು ಮಳೆ ಬಂದರೆ ನೀರು ಹರಿಯುವ ದಾರಿ. ಮೊಮ್ಮಗಳನ್ನು ಕಳಿಸುತ್ತೇನೆ ಎಂದು ಆಗಲೂ ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಹುಡುಗಿ ಗಂಟು ಕಟ್ಟುವುದಕ್ಕೆ ಬರುತ್ತಿದ್ದಳು, ಅಜ್ಜಿ ತಡೆಯಲಿಲ್ಲ, ಅಷ್ಟೇ.

ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿ, ಆಮೇಲೆ ಲಿಂಗನಮಕ್ಕಿಯ ನೀರಿನಲ್ಲೇ ಮುಳುಗಿದ ಕಟ್ಟೆ ಅದು. ಜನ ಅದನ್ನು ನೋಡಲು ಬಂದು ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜಿ ತೋರಿಸಿದಂಥ ಬಾವಿಗಳೂ ಹಾಗೇ ಕಾಣುತ್ತವೆ. ಈಗ ಬರುವ ಮಕ್ಕಳಿಗೆ ಲೈಫ್ ಜಾಕೆಟ್ ಇದೆ. ನಮ್ಮ ಮಕ್ಕಳಿಗೆ ಇರಲಿಲ್ಲ. ದಡದಲ್ಲಿ ಗೂಟ ನೆಟ್ಟು ಹಗ್ಗ ಎಳೆದಿದ್ದೆವು, ಹಗ್ಗ ದಾಟಿದವರಿಗೆ ಬೆತ್ತ ಎಂದು ಹೇಳಿದ್ದೆವು. ಇವತ್ತು ಯಾರಾದರೂ ಅಷ್ಟೇ ಏರ್ಪಾಡಿನಲ್ಲಿ ಅಷ್ಟು ಸಣ್ಣ ಮಕ್ಕಳನ್ನು ಆ ನೀರಿನ ಹತ್ತಿರ ಕರೆದೊಯ್ಯುತ್ತೇನೆಂದರೆ ನಾನು ಅಡ್ಡ ನಿಲ್ಲುತ್ತೇನೆ.

ಗಂಟು ಕಟ್ಟುವುದು ಶನಿವಾರದ ಕೆಲಸ. ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳು ಮನೆಗೆ ಹೋಗದೆ ಉಳಿಯುತ್ತಿದ್ದವು. ಹರಿದು ಬಿಡಿಸಿದ ಗೋಣಿಚೀಲ ಕೆಳಗೆ. ಅದರ ಮೇಲೆ ಕಂಬಳಿ. ಕಂಬಳಿಯ ಮೇಲೆ ಅಮ್ಮನ ಹಳೆಯ ಸೀರೆ ಮಡಚಿ ಹೊಲಿದ ದುಪ್ಪಟಿ. ಒಂದು ತುದಿಗೆ ತಟ್ಟೆ, ಲೋಟ, ನಡುವೆ ಎರಡು ಜೊತೆ ಬಟ್ಟೆ, ಇನ್ನೊಂದು ತುದಿಗೆ ಟವೆಲು. ಅಂಚು ಒಳಗೆ ಮಡಚಿ, ಮೊಣಕಾಲಿನಿಂದ ಒತ್ತುತ್ತ ಒತ್ತುತ್ತ ಸುತ್ತಬೇಕು. ತೆಂಗಿನ ನಾರಿನ ಹಗ್ಗದಿಂದ ಎರಡು ಕಡೆ ಬಿಗಿದು ರೀಫ್ ನಾಟ್ ಹಾಕಬೇಕು. ಬಲಗೈಯದು ಎಡಗೈಯದರ ಮೇಲೆ, ಮತ್ತೆ ಎಡಗೈಯದು ಬಲಗೈಯದರ ಮೇಲೆ. ಎಳೆದರೆ ಬಿಗಿಯುವ, ಎರಡೂ ಕಡೆಯಿಂದ ತಳ್ಳಿದರೆ ಸಲೀಸಾಗಿ ಬಿಚ್ಚುವ ಗಂಟು. ಎರಡು ಸಲವೂ ಒಂದೇ ಕಡೆ ಸುತ್ತಿದರೆ ಗಂಟು ಜಾರುತ್ತದೆ, ಇಲ್ಲವೇ ಕಗ್ಗಂಟಾಗುತ್ತದೆ. ಆರು ವರ್ಷದ ಹುಡುಗಿಯರು ತಮ್ಮಷ್ಟೇ ದಪ್ಪದ ಸುರುಳಿಯ ಮೇಲೆ ಕವುಚಿ ಬಿದ್ದು, ನಾಲಿಗೆ ಕಚ್ಚಿಕೊಂಡು ಹಗ್ಗ ಎಳೆಯುತ್ತಿದ್ದವು. ತಾಯಂದಿರು ಕಿಟಕಿಯಾಚೆ ನಿಂತು ಸಂಕಟಪಡುತ್ತಿದ್ದರು. ಒಳಗೆ ಬಂದು ಕೈ ಹಾಕುವ ಹಾಗಿರಲಿಲ್ಲ. ಕಟ್ಟಿದ ಕೈಯೇ ಬಿಚ್ಚಬೇಕು, ಬಿಚ್ಚುವ ಕೈಯೇ ಕಟ್ಟಬೇಕು ಎಂದು ದೊಡ್ಡ ಅಕ್ಕೋರ ಕಟ್ಟಪ್ಪಣೆ.

ಆಮೇಲೆ ಅವರು ತರಗತಿಯ ಕಿಟಕಿ ಬಾಗಿಲು ಮುಚ್ಚಿಸುತ್ತಿದ್ದರು. ಕತ್ತಲೆಯಲ್ಲಿ ಒಂದೇ ಮಾತು: "ಟವೆಲ್ ತೆಗೀರಿ." ಹಗ್ಗ ಬಿಚ್ಚುವ ಸದ್ದು, ತಟ್ಟೆ ಉರುಳುವ ಸದ್ದು, ಕಿಸಕಿಸ ನಗು, ಯಾರದೋ ಬಿಕ್ಕು. ಬಾಗಿಲು ತೆರೆದಾಗ ಎಷ್ಟು ಕೈಗಳಲ್ಲಿ ಟವೆಲು ಇದೆ ಎಂದು ನೋಡುವುದು. ಮೊದಲ ಶನಿವಾರ ಲಂಗ, ಚಡ್ಡಿ, ಪಕ್ಕದವಳ ದುಪ್ಪಟಿ ಎಲ್ಲ ಬಂದಿದ್ದವು. ದಸರಾ ಹತ್ತಿರವಾಗುವ ಹೊತ್ತಿಗೆ ಸಣ್ಣ ಮಗುವೂ ಕತ್ತಲೆಯಲ್ಲಿ ತನ್ನ ಗಂಟಿನೊಳಗೆ ಕೈ ಹಾಕಿ ಬೇಕಾದ್ದನ್ನು ತೆಗೆಯುತ್ತಿತ್ತು. ಮನೆ ಬಿಟ್ಟು ಮಲಗುವ ಮಗುವಿಗೆ ಅಪರಾತ್ರಿಯಲ್ಲಿ ಎಚ್ಚರವಾದಾಗ ಪರಿಚಯದ ವಸ್ತುವೆಂದರೆ ಅದರ ಗಂಟು ಒಂದೇ. ಅದನ್ನು ಅಮ್ಮ ಕಟ್ಟಿದ್ದರೆ ಆ ಗಂಟೂ ಪರಕೀಯವೇ. ಇದನ್ನು ನಾನು ನಂತರದ ಮೂವತ್ತು ವರ್ಷದ ಕೆಲಸದಲ್ಲಿ ಎಷ್ಟೋ ಪ್ರವಾಸ, ಎಷ್ಟೋ ಮೇಳಗಳಲ್ಲಿ ಮತ್ತೆ ಮತ್ತೆ ಕಂಡೆ. ತಾಯಿ ಜೋಡಿಸಿಕೊಟ್ಟ ಚೀಲದ ಮಗು ಮೊದಲ ರಾತ್ರಿಯೇ ಅಳುತ್ತದೆ. ಅದರಲ್ಲಿ ಏನಿದೆ ಎಂಬುದೇ ಅದಕ್ಕೆ ಗೊತ್ತಿರುವುದಿಲ್ಲ.

ಆದರೆ ಗಂಟು ತಪ್ಪಿದ ಮಗುವಿನ ಅಂಗೈಗೆ ದೊಡ್ಡ ಅಕ್ಕೋರ ಬೆತ್ತ ಬೀಳುತ್ತಿತ್ತು. ಅವರನ್ನು ಎಷ್ಟು ಗೌರವಿಸುತ್ತೇನೋ ಅಷ್ಟೇ ಖಚಿತವಾಗಿ ಇದನ್ನೂ ಹೇಳಬೇಕು. ಆ ಕಾಲ ಹಾಗಿತ್ತು ಎನ್ನುವ ಮಾತು ನನಗೆ ಸಮಾಧಾನ ತರುವುದಿಲ್ಲ. ಅದೇ ಮಕ್ಕಳು ಹೊಡೆತವಿಲ್ಲದೆಯೂ ಕಲಿಯುತ್ತಿದ್ದವು. ಕತ್ತಲೆಯ ಆಟ ಅವುಗಳಿಗೆ ಪ್ರಾಣ.

ಅಕ್ಕಿಯ ಸಂಗತಿ ಬೇರೆ. ಪ್ರತಿ ಮನೆಯಿಂದ ಅರ್ಧ ಸೇರು ಅಕ್ಕಿ ಎಂದು ಗೊತ್ತಾಯಿತು, ಆಗದವರು ಹಿಡಿಯಷ್ಟು ಕೊಟ್ಟರೂ ಸರಿ. ಬಂದ ಅಕ್ಕಿಯನ್ನೆಲ್ಲ ದೊಡ್ಡ ಅಕ್ಕೋರು ಜಗಲಿಯ ಮೇಲೆ, ಎಲ್ಲರ ಕಣ್ಣೆದುರು, ಒಂದೇ ಚೀಲಕ್ಕೆ ಸುರಿಸಿದರು. ಗೇಣಿ ಗದ್ದೆಯವರ ಕೆಂಪಕ್ಕಿ, ತೋಟದ ಮನೆಯವರ ಬೆಳ್ಳಕ್ಕಿ, ಸೊಸೈಟಿ ಅಕ್ಕಿ, ಕೂಲಿಯವರ ಮನೆಯ ನುಚ್ಚು. ಅಡುಗೆಗೆ ಒಪ್ಪಿದ್ದ ಹೆಂಗಸು, "ಒಂದು ಬೆಂದ್ರೆ ಇನ್ನೊಂದು ಬೇಯಲ್ಲ, ಅನ್ನ ಮಾಡೋದು ಹೆಂಗೆ?" ಎಂದು ಹಣೆ ಚಚ್ಚಿಕೊಂಡಳು. ಅನ್ನ ಬೇಡ, ಗಂಜಿ ಮಾಡು ಎಂದಾಯಿತು. ಗಂಜಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ.

ಆ ಹೆಂಗಸು ಬೇಯಿಸಿದ್ದನ್ನು ತಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಎರಡು ಮನೆಯವರು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಕ್ಕಳಿಗೆ ಅವಲಕ್ಕಿ, ಜೋನಿಬೆಲ್ಲ ಕಟ್ಟಿ ಕೊಡುತ್ತೇವೆ ಎಂದರು. ನನಗೆ ರಕ್ತ ಕುದಿಯಿತು. ಅವರ ಜಗಲಿಯ ಮೇಲೇ ನಿಂತು ಕೇಳಿಬರಬೇಕು ಎಂದೆ. ದೊಡ್ಡ ಅಕ್ಕೋರು ಕೇಳಲಿಲ್ಲ. "ಅವಲಕ್ಕಿ ಕಳಿಸಲಿ, ಎಲ್ಲರಿಗೂ ಆಗುವಷ್ಟು ಕಳಿಸಲಿ. ಒಬ್ಬಳಿಗೇ ಬೇರೆ ಡಬ್ಬಿ ಇಲ್ಲ" ಎಂದು ಹೇಳಿ ಕಳಿಸಿದರು. ಒಂದು ಮನೆಯವರು ದೊಡ್ಡ ಡಬ್ಬಿ ತುಂಬ ಅವಲಕ್ಕಿ ಹೊರಿಸಿ ಕಳಿಸಿದರು, ಇಡೀ ತಂಡ ತಿಂದಿತು. ಇನ್ನೊಂದು ಮನೆಯವರು ಮಗಳನ್ನೇ ಬಿಡಿಸಿದರು. ಏಳು ವರ್ಷದ ಹುಡುಗಿ, ಕತ್ತಲೆಯಲ್ಲಿ ಎಲ್ಲರಿಗಿಂತ ಮೊದಲು ಟವೆಲ್ ತೆಗೆಯುತ್ತಿದ್ದವಳು. ದೊಡ್ಡ ಅಕ್ಕೋರ ದಾರಿಯಿಂದ ಒಂದು ಮಗು ಒಳಗೆ ಬಂತು ಎಂಬುದು ನಿಜ. ನೇರವಾಗಿ ಹೇಳಬೇಕಾದ ಮಾತನ್ನು ಆ ಊರಿನಲ್ಲಿ ಯಾರೂ ಹೇಳಲಿಲ್ಲ ಎಂಬುದೂ ನಿಜ. ಅಂದಿನ ನನ್ನ ಸಿಟ್ಟು ಇವತ್ತಿಗೂ ನನಗೆ ಸರಿಯೆಂದೇ ತೋರುತ್ತದೆ.

ರಾತ್ರಿಯ ತಯಾರಿಗೆ ಅವರು ಯಾರನ್ನೂ ಸಭೆಗೆ ಕರೆಯಲಿಲ್ಲ. ಸಂಜೆ ಸಂಜೆ ಮನೆ ಮನೆಗೆ ಹೋದರು, ನನ್ನನ್ನೂ ಕರೆದುಕೊಂಡು. ಕೊಟ್ಟಿಗೆಯಲ್ಲೋ ಬಚ್ಚಲ ಒಲೆಯ ಮುಂದೋ ತಾಯಿ ಒಬ್ಬಳೇ ಸಿಕ್ಕಾಗ ಮೆಲ್ಲಗೆ ಕೇಳುತ್ತಿದ್ದರು: ಹಾಸಿಗೆ ಒದ್ದೆ ಮಾಡುತ್ತಾಳಾ? ನಿದ್ದೆಯಲ್ಲಿ ಎದ್ದು ನಡೆಯುತ್ತಾಳಾ? ಯಾವುದಕ್ಕೆ ಹೆದರುತ್ತಾಳೆ? ಮಲಗುವಾಗ ಏನಾದರೂ ಹಿಡಿದುಕೊಂಡು ಮಲಗುತ್ತಾಳಾ? ಒಂದು ಅಕ್ಷರವನ್ನೂ ಬರೆದುಕೊಳ್ಳಲಿಲ್ಲ, ಎಲ್ಲ ತಲೆಯಲ್ಲಿ. ಹಾಸಿಗೆ ಒದ್ದೆ ಮಾಡುವ ಮಕ್ಕಳನ್ನು ಬಾಗಿಲ ಹತ್ತಿರ ನನ್ನ ಪಕ್ಕಕ್ಕೆ ಮಲಗಿಸುವುದು, ಸಂಜೆಯ ಮೇಲೆ ಮಜ್ಜಿಗೆ ಕೊಡದಿರುವುದು, ನಡುರಾತ್ರಿ ಒಮ್ಮೆ ಎಲ್ಲರನ್ನೂ ಎಬ್ಬಿಸಿ ಕರೆದೊಯ್ಯುವುದು. ಹೌದು, ಎಲ್ಲರನ್ನೂ. ಹಾಗೆ ಮಾಡಿದರೆ ಯಾರಿಗಾಗಿ ಎಬ್ಬಿಸಿದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಅದಾಗಿಯೂ ಒದ್ದೆಯಾದರೆ ಬೆಳಕು ಹರಿಯುವ ಮುಂಚೆ ದುಪ್ಪಟಿ ಬದಲಾಗಿರಬೇಕು, ಹಳೆಯದು ತೊಳೆದಿರಬೇಕು. ಬೆತ್ತ ಹಿಡಿದ ಆ ಕೈಯೇ ಇಷ್ಟು ಸೂಕ್ಷ್ಮವಾಗಿ ಒಂದು ಮಗುವಿನ ಮಾನ ಕಾಯುತ್ತಿತ್ತು. ಈ ಎರಡನ್ನೂ ನಾನು ಒಂದೇ ಮನುಷ್ಯರಲ್ಲಿ ಕಂಡವಳು. ಹೊಂದಿಸಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ.

ಶಿಬಿರಕ್ಕೆ ಮುಂಚಿನ ಒಂದು ರಾತ್ರಿ ಶಾಲೆಯ ಜಗಲಿಯಲ್ಲೇ ಎಲ್ಲರನ್ನೂ ಮಲಗಿಸಿ ನೋಡಿದೆವು. ಲಾಟೀನು ಸಣ್ಣಗೆ ಮಾಡಿಟ್ಟೆವು. ಇಬ್ಬರು ಅತ್ತರು, ಒಬ್ಬಳ ಅಪ್ಪ ಬಂದು ಎತ್ತಿಕೊಂಡು ಹೋದ. ಮರುದಿನ ಬೆಳಿಗ್ಗೆ ಅವಳೇ ಗಂಟು ಹೊತ್ತು ವಾಪಸು ಬಂದಳು.

ಇನ್ನೊಬ್ಬ ಹುಡುಗಿ ಇದ್ದಳು. ಎಂಟು ವರ್ಷ ಇರಬೇಕು. ಅವಳಿಗೆ ಆಗಾಗ ಮೂರ್ಛೆ ಬರುತ್ತಿತ್ತು. ತರಗತಿಯಲ್ಲಿ ಬಂದಾಗ ನಾವು ಆಗ ಎಲ್ಲರೂ ಮಾಡುತ್ತಿದ್ದುದನ್ನೇ ಮಾಡುತ್ತಿದ್ದೆವು. ಕೈಗೆ ಬೀಗದ ಕೈ ತುರುಕುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ಇಡುವುದು. ಅವುಗಳಲ್ಲಿ ಒಂದೂ ಉಪಯೋಗದ್ದಲ್ಲ. ಬಾಯಿಗೆ ಏನಾದರೂ ತುರುಕಿದರೆ ಹಲ್ಲು ಮುರಿಯುತ್ತದೆ, ಉಸಿರು ಕಟ್ಟುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೊಂದು ಇಟ್ಟು, ಸುತ್ತಲಿನ ಗಟ್ಟಿ ವಸ್ತು ಸರಿಸಿ, ಎಷ್ಟು ಹೊತ್ತು ಬಂತೆಂದು ಗಡಿಯಾರ ನೋಡುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು: ಇಷ್ಟೇ ಮಾಡಬೇಕಾದ್ದು. ಅದನ್ನು ನಾನು ಕಲಿತದ್ದು ಎಷ್ಟೋ ವರ್ಷ ಬಿಟ್ಟು, ಒಂದು ತರಬೇತಿಯಲ್ಲಿ. ಆ ಹುಡುಗಿ ಶನಿವಾರಗಳಿಗೆಲ್ಲ ಬಂದಳು. ಗಂಟು ಎಲ್ಲರಿಗಿಂತ ಬಿಗಿ ಕಟ್ಟುತ್ತಿದ್ದಳು. ಜಗಲಿಯ ರಾತ್ರಿಗೂ ಇದ್ದಳು. ಹೊರಡುವ ಎರಡು ದಿನ ಮೊದಲು ದೊಡ್ಡ ಅಕ್ಕೋರು ಅವಳ ಅಪ್ಪನನ್ನು ಕರೆಸಿ ಬೇಡ ಎಂದರು.

ಕಾರಣ ಲಾಂಚ್. ರಾತ್ರಿ ಏನಾದರೂ ಆದರೆ ಡಾಕ್ಟರು ಹೊಳೆಯ ಈಚೆ, ಮಗು ಆಚೆ, ನಡುವೆ ಕತ್ತಲೆಯ ನೀರು. ಬೆಳಗಿನ ಲಾಂಚಿಗೆ ಕಾಯುವುದರೊಳಗೆ ಆಗುವುದು ಆಗಿಹೋಗುತ್ತದೆ. ಹೊಳೆಯಾಚೆ ಹಾಗೆ ಕಾಯುತ್ತ ಪ್ರಾಣ ಬಿಟ್ಟವರ ಕಥೆ ಪ್ರತಿ ಊರಿನಲ್ಲೂ ಒಂದಿತ್ತು. ದೊಡ್ಡ ಅಕ್ಕೋರ ಭಯ ಸುಳ್ಳಲ್ಲ. ಅಪ್ಪ ಮಾತಾಡದೆ ಗಂಟು ಹೆಗಲಿಗೇರಿಸಿದ. ಹುಡುಗಿ ಅದನ್ನು ಅವನಿಂದ ಕಸಿದು ತಾನೇ ಹೊತ್ತುಕೊಂಡು ಮುಂದೆ ನಡೆದಳು. ಅವಳು ಮನೆಯಲ್ಲಿದ್ದರೂ ಆ ರಾತ್ರಿಗಳಲ್ಲಿ ಡಾಕ್ಟರು ಅಷ್ಟೇ ದೂರವಿದ್ದರು. ಇದನ್ನು ಆಗ ಯಾರೂ ಲೆಕ್ಕ ಹಾಕಲಿಲ್ಲ. ಹೆತ್ತವರು ಆ ಅಪಾಯವನ್ನು ಹೊತ್ತು ದಿನಾ ಬದುಕುತ್ತಿದ್ದರು, ನಾವು ನಾಲ್ಕು ರಾತ್ರಿ ಹೊರಲು ಮುಂದಾಗಲಿಲ್ಲ. ಶಿಬಿರಕ್ಕೆ ಯಾರನ್ನು ಕರೆದೊಯ್ಯಬಹುದು ಎನ್ನುವುದು ಮಗುವಿನ ಪ್ರಶ್ನೆಯಲ್ಲ, ಜತೆಗೆ ಹೋಗುವ ದೊಡ್ಡವರು ಎಷ್ಟು ಕಲಿತಿದ್ದಾರೆ ಎಂಬ ಪ್ರಶ್ನೆ.

2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಸೇತುವೆಯಾಯಿತು. ಈಗ ನಡುರಾತ್ರಿಯಲ್ಲೂ ಗಾಡಿ ದಾಟುತ್ತದೆ.

ಬೆಂಗಳೂರಿನ ಆ ಗುಂಪಿನಲ್ಲಿಯೂ ಮೂರ್ಛೆ ಬರುವ ಒಬ್ಬ ಹುಡುಗನಿದ್ದಾನೆ. ಐದೂವರೆ ವರ್ಷ. ಪಟ್ಟಿಯಲ್ಲಿ ಅವರ ಫ್ಲ್ಯಾಟ್ ನಂಬರು ಇರಲಿಲ್ಲ. ತಂಗಿಯ ಮಗ ಮಾತಿನ ನಡುವೆ, ಅವರು ಬರುವುದಿಲ್ಲವಂತೆ ದೊಡ್ಡಮ್ಮ, ತಾಯಿಗೆ ಹೆದರಿಕೆ ಎಂದ. ಯಾರೂ ಬರಬೇಡಿ ಎಂದಿಲ್ಲ, ಯಾರೂ ಬನ್ನಿ ಎಂದು ಒತ್ತಾಯಿಸಿಯೂ ಇಲ್ಲ. ನಾನು ನಂಬರು ತೆಗೆದುಕೊಂಡು ಆ ತಾಯಿಗೆ ಫೋನು ಮಾಡಿದೆ. ಬಹಳ ಹೊತ್ತು ಮಾತಾಡಿದೆವು. ಮೊದಲು ಮಗುವಿನ ಡಾಕ್ಟರನ್ನು ಕೇಳಬೇಕು, ಒಪ್ಪಿದರೆ ಮಾತ್ರ. ಮೂಗಿಗೆ ಹಾಕುವ ಔಷಧ ಬರೆದುಕೊಟ್ಟಿದ್ದರೆ ಅದು ಎರಡು ಕಡೆ ಇರಬೇಕು, ತಾಯಿಯ ಚೀಲದಲ್ಲೊಂದು, ಇನ್ನೊಬ್ಬರ ಹತ್ತಿರ ಒಂದು. ಅದನ್ನು ಹಾಕುವುದನ್ನು ಮತ್ತೊಬ್ಬರಾದರೂ ಕಲಿತಿರಬೇಕು. ಮಾತ್ರೆಯ ಹೊತ್ತು ತಪ್ಪಬಾರದು. ಬೆಂಕಿಯ ಸುತ್ತ ಎಷ್ಟೇ ಹಾಡಿದರೂ ಅವನನ್ನು ಬೇಗ ಮಲಗಿಸಬೇಕು, ನಿದ್ದೆಗೆಟ್ಟರೆ ಮೂರ್ಛೆ ಬರುವ ಸಂಭವ ಹೆಚ್ಚು. ನೀರಿಗೆ ಇಳಿದರೆ ಲೈಫ್ ಜಾಕೆಟ್ ಇದ್ದರೂ ಒಬ್ಬರು ಕೈಯಳತೆಯಲ್ಲೇ ಇರಬೇಕು, ಆ ಒಬ್ಬರಿಗೆ ಬೇರೆ ಕೆಲಸವಿರಬಾರದು. ಇಷ್ಟೂ ಆದ ಮೇಲೆ, ಅವನ ಚೀಲವನ್ನು ಅವನೇ ಜೋಡಿಸಲಿ.

ಎಲ್ಲ ಕೇಳಿಸಿಕೊಂಡು ಆಕೆ, "ಉಳಿದವರು ಇದನ್ನೆಲ್ಲ ಕಲಿಯೋಕೆ ಒಪ್ಪುತ್ತಾರಾ ಆಂಟಿ? ಅವರ ರಜೆ ಅಲ್ಲವಾ?" ಎಂದು ಕೇಳಿದಳು. ನಾನು ತಂಗಿಯ ಮಗನಿಗೆ ಹೇಳಿದ್ದೇನೆ, ಬರುವ ಭಾನುವಾರ ಎಲ್ಲರನ್ನೂ ಒಂದು ಮನೆಯಲ್ಲಿ ಸೇರಿಸು ಎಂದು. ವೀಡಿಯೋ ಕಾಲ್‌ನಲ್ಲಿ ನಾನೂ ಇರುತ್ತೇನೆ. ಮೊದಲು ದೊಡ್ಡವರಿಗೆ ಮಗ್ಗುಲು ಹೊರಳಿಸುವುದನ್ನು ಕಲಿಸಬೇಕು, ಆಮೇಲೆ ದೀಪ ಆರಿಸಿ ಮಕ್ಕಳಿಂದ ಟವೆಲು ತೆಗೆಸಬೇಕು. ಐದು ಮನೆಯವರು ಬರುತ್ತೇವೆಂದಿದ್ದಾರೆ. ಉಳಿದವರು ಇನ್ನೂ ಉತ್ತರ ಕೊಟ್ಟಿಲ್ಲ.